ಎರಡನೇ ಬ್ರೇಕು

ನನ್ನ ಗಂಡನನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಾರೆ. ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆ ಏಳರವರೆಗೆ, ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ತಿಳಿಯದವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಊರು ಸುತ್ತುವುದೇ ಅವರ ಕೆಲಸ. ಆ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲಡಿ. ಕಲಿಯುವವರು ಎಡವಟ್ಟು ಮಾಡಿಕೊಂಡರೆ ಇವರು ತಮ್ಮ ಕಡೆಯಿಂದ ಒತ್ತಿ ಗಾಡಿ ನಿಲ್ಲಿಸುತ್ತಾರೆ. ಹದಿನೆಂಟು ವರ್ಷ ಒತ್ತೀ ಒತ್ತೀ ಅವರ ಬೂಟುಗಳಲ್ಲಿ ಬಲಗಾಲಿನದು ಮಾತ್ರ ಬೇಗ ಸವೆಯುತ್ತದೆ.

ನಾನು ಬಟ್ಟೆ ಹೊಲಿಯುವವಳು. ನಮ್ಮದು ಎರಡು ಕೋಣೆಯ ಮನೆ, ಮುಂದಿನ ಕೋಣೆಯೇ ನನ್ನ ಅಂಗಡಿ. ಮೋಟಾರಿನ ಹೊಲಿಗೆ ಯಂತ್ರ. ಕಾಲು ಒತ್ತಿದರೆ ಓಡುತ್ತದೆ, ಎತ್ತಿದರೆ ನಿಲ್ಲುತ್ತದೆ. ಅದರಲ್ಲಿ ನಿಲ್ಲಿಸಲಿಕ್ಕೆಂದು ಬೇರೆ ಪೆಡಲು ಇಲ್ಲ. ಇಪ್ಪತ್ತು ವರ್ಷ ನನ್ನ ಕಾಲು ಕಲಿತದ್ದು ಇಷ್ಟೇ ವಿದ್ಯೆ.

ಮಳೆಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಉಸಿರಾಡುವುದೇ ಕಷ್ಟ. ಗೋಡೆಯೆಲ್ಲ ತೇವ, ಹೊಲಿದಿಟ್ಟ ಬಟ್ಟೆಗೂ ಮುಗ್ಗಲು ವಾಸನೆ. ಹೋದ ವರ್ಷ ಮಳೆ ಶುರುವಾದಾಗ ಮೇಷ್ಟ್ರು, "ಭಾನುವಾರ ಬೆಟ್ಟಕ್ಕೆ ಹೋಗಿ ಬರೋಣ, ನಡಿ. ಆರು ದಿನ ಬೇರೆಯವರಿಗೆ ಕಲಿಸ್ತೀನಿ, ಒಂದು ದಿನ ಅದೇ ಕಾರನ್ನ ನೀನು ಓಡ್ಸು, ನಾನು ಮೋಡ ನೋಡ್ತೀನಿ" ಎಂದರು. ಲೈಸೆನ್ಸೇನೋ ನನ್ನ ಹತ್ತಿರ ಇತ್ತು. ಪರೀಕ್ಷೆ ನಡೆದದ್ದು ಮಟ್ಟಸವಾದ ಬಯಲಿನಲ್ಲಿ, ಎರಡನೇ ಗೇರಿನಲ್ಲಿ. ಅದಾದ ಮೇಲೆ ನಾನು ಕಾರು ಓಡಿಸಿದ್ದೆಲ್ಲ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ.

ಮೊದಲ ಭಾನುವಾರ ನಡುಗುತ್ತಾ ಹೋದವಳು ಮೂರನೆಯ ಭಾನುವಾರಕ್ಕೆ ಹಾಡು ಗುನುಗುತ್ತಿದ್ದೆ. ತಿರುವು ಬಂದಾಗ ಆಕ್ಸಿಲರೇಟರಿನಿಂದ ಕಾಲೆತ್ತಿ ಬ್ರೇಕಿಗೆ ಸುಮ್ಮನೆ ತಾಗಿಸಿದರೆ ಸಾಕು, ಗಾಡಿ ಹೇಳಿದ ಮಾತು ಕೇಳುತ್ತಿತ್ತು. ಮೇಷ್ಟ್ರು ಮೊಣಕಾಲಿನ ಮೇಲೆ ರೇನ್‌ಕೋಟು ಹರವಿಕೊಂಡು, "ಚಳಿ ಕಣೇ" ಎನ್ನುತ್ತಾ ಹೊರಗೆ ನೋಡುತ್ತಿದ್ದರು. ಅಳತೆ ಕೊಡಲು ಬಂದವರಿಗೆಲ್ಲ ನಾನು ಟೇಪು ಹಿಡಿದುಕೊಂಡೇ ನನ್ನ ಬೆಟ್ಟದ ಪ್ರತಾಪ ಹೇಳುತ್ತಿದ್ದೆ. ಒಬ್ಬಾಕೆಯಂತೂ ನನ್ನ ಕಥೆ ಮುಗಿಯುವವರೆಗೂ ತೋಳು ಚಾಚಿಕೊಂಡೇ ನಿಂತಿದ್ದಳು, ಪಾಪ.

ಅಷ್ಟು ಬೀಗಿದ್ದು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅದು ಹನ್ನೆರಡನೆಯ ಭಾನುವಾರ. ಹಿಂದಿನ ರಾತ್ರಿಯಿಂದ ಮಳೆ ಬಿಟ್ಟಿರಲಿಲ್ಲ. ಬೇಡವೆಂದು ಮೇಷ್ಟ್ರೂ ಹೇಳಿದರು, ಹಟ ಹಿಡಿದು ಕಾರು ತೆಗೆದವಳು ನಾನೇ. ಬೆಟ್ಟದ ತುದಿ ಮುಟ್ಟುವಾಗ ಹತ್ತೂವರೆ. ಪ್ರತಿ ವಾರ ಗಾಡಿಗಳಿಂದ ಗಿಜಿಗುಡುತ್ತಿದ್ದ ಜಾಗದಲ್ಲಿ ಅಂದು ನಮ್ಮದೊಂದೇ ಕಾರು. ಚಹಾದ ಅಂಗಡಿಯಾಕೆ ನಮ್ಮನ್ನು ನೋಡಿ, "ಈ ಮಳೇಲಿ ಬಂದ್ರಾ? ಬೆಳಿಗ್ಗೆಯಿಂದ ಒಂದು ಹುಳವೂ ಹತ್ತಿಲ್ಲ ಮೇಲೆ" ಎಂದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಂಗಡಿಯಿಂದ ಕಾರು ಕಾಣುತ್ತಿರಲಿಲ್ಲ.

ಅಂಗಡಿಯ ಹಿಂದೆ ಕಣಿವೆ ನೋಡುವ ಕಟ್ಟೆಗೆ ಇಳಿಯಲು ಹತ್ತು ಹನ್ನೆರಡು ಕಲ್ಲಿನ ಮೆಟ್ಟಿಲು. ಪಾಚಿ ಕಟ್ಟಿತ್ತು. ನಾನು ಚಹಾದ ಲೋಟ ಹಿಡಿದು ಮೇಲೆ ನಿಂತಿದ್ದೆ, ಮೇಷ್ಟ್ರು ಮುಂದೆ ಇಳಿದರು. ಸವೆದ ಬೂಟಿನ ಬಲಗಾಲು ಮೂರನೆಯ ಮೆಟ್ಟಿಲಲ್ಲೇ ಜಾರಿತು. ಕೂಗಲೂ ಇಲ್ಲ ಅವರು. ಒಣ ಕೊಂಬೆ ಮುರಿದಂಥ ಸದ್ದು ಕೇಳಿತು, ಅಷ್ಟೆ.

ಓಡಿಹೋಗಿ ನೋಡಿದರೆ ಮೊಣಕಾಲಿನ ಕೆಳಗೆ ಬಲಗಾಲು ಇರಬಾರದ ಕಡೆಗೆ ತಿರುಗಿತ್ತು. ಚರ್ಮ ಹರಿದು ರಕ್ತ ಬರುತ್ತಿತ್ತು, ಮಳೆನೀರಿನ ಜೊತೆ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು. "ರೀ, ಏನ್ರೀ ಇದು, ಏನ್ರೀ ಇದು" ಎನ್ನುವುದು ಬಿಟ್ಟರೆ ಬೇರೆ ಮಾತೇ ಹೊರಡಲಿಲ್ಲ.

ಅಂಗಡಿಯಾಕೆ ಗಟ್ಟಿಗಿತ್ತಿ. ಮರದ ಪೆಟ್ಟಿಗೆ ಒಡೆದು ಎರಡು ಹಲಗೆ ತಂದಳು, ಬೂಟು ಬಿಚ್ಚಿ ಟವೆಲು ಸುತ್ತಿ ಕಾಲನ್ನು ಹಲಗೆಗೆ ಕಟ್ಟಿದಳು. ಅಂಗಡಿಯ ಆಚೆ ಒಂದು ಬಂಡೆಯ ಹತ್ತಿರ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತದೆಂದು ಅಲ್ಲಿಗೇ ಓಡಿ ಹೋಗಿ ಆಸ್ಪತ್ರೆಗೆ ಮಾತಾಡಿ ಬಂದಳು.

"ಆಂಬುಲೆನ್ಸ್ ಮೇಲೆ ಬರೋಕೆ ಎರಡು ಗಂಟೆ ಬೇಕಂತೆ. ಅದೂ ದಾರಿ ಇದ್ರೆ. ಕೆಳಗಡೆ ಗುಡ್ಡ ಬಿರುಕು ಬಿಟ್ಟಿದೆ, ಯಾವಾಗ ಕುಸಿಯುತ್ತೋ ಗೊತ್ತಿಲ್ಲ. ರಕ್ತ ಇಷ್ಟು ಹೋಗ್ತಾ ಇದ್ರೆ ಎರಡು ಗಂಟೆ ಕಾಯೋದು ಸರಿಯಲ್ಲ ಅಂದ್ರು ಡಾಕ್ಟ್ರು. ಅಕ್ಕಾ, ನಿಮಗೆ ಗಾಡಿ ಓಡ್ಸೋಕೆ ಬರುತ್ತಲ್ಲ?"

"ಬರುತ್ತೆ" ಎಂದೆ. ಧೈರ್ಯವಾಗಿಯೇ ಎಂದೆ.

ಹೇಗೋ ಎತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕೂರಿಸಿದೆವು. ಬೆನ್ನು ಒಂದು ಬಾಗಿಲಿಗೆ, ಹಲಗೆ ಕಟ್ಟಿದ ಕಾಲಿನ ಬರಿಯ ಅಂಗಾಲು ಇನ್ನೊಂದು ಬಾಗಿಲಿಗೆ. ಅಂಗಡಿಯಾಕೆಗೆ ಒಳಗೆ ಹಾಸಿಗೆ ಹಿಡಿದ ಅತ್ತೆ ಇದ್ದರು, ಬಿಟ್ಟು ಬರುವಂತಿರಲಿಲ್ಲ. "ಹುಷಾರು ಅಕ್ಕಾ" ಎಂದು ಕಿಟಕಿಯ ಗಾಜು ತಟ್ಟಿದಳು. ಆಸ್ಪತ್ರೆ ಇರುವ ಕೆಳಗಿನ ಊರಿಗೆ ಇಪ್ಪತ್ತೆರಡು ಕಿಲೋಮೀಟರು.

ಹೊರಡುವಾಗ ಹಿಂದಿನಿಂದ ಮೇಷ್ಟ್ರು, "ಏ, ಕೇಳಿಲ್ಲಿ, ಬ್ರೇಕು..." ಎಂದರು.

"ಗೊತ್ತು ರೀ, ನೀವು ಸುಮ್ನೆ ಮಲಗಿ" ಎಂದೆ. ಈ ಹೊತ್ತಿನಲ್ಲೂ ಪಾಠವೇ ಎಂದು ಸಿಟ್ಟು ಬಂದಿತ್ತು.

ಮೊದಲ ಅರ್ಧ ಕಿಲೋಮೀಟರು ನೇರ ಇಳಿಜಾರು. ಮೂರನೇ ಗೇರು ಹಾಕಿದೆ. ಮಂಜಿನಲ್ಲಿ ತಿರುವಿನ ಬಿಳಿ ಕಲ್ಲುಗಳು ಕಂಡವು. ಎಂದಿನಂತೆ ಕಾಲೆತ್ತಿ ಬ್ರೇಕಿಗೆ ತಾಗಿಸಿದೆ.

ಗಾಡಿ ನಿಧಾನವಾಗಲಿಲ್ಲ.

ಬ್ರೇಕು ಹೋಯಿತು ಎಂದುಕೊಂಡೆ. ಅರೆಕ್ಷಣ ನಂಬಲಾರದೆ ಅದೇ ಹಗುರ ಕಾಲನ್ನು ಅಲ್ಲೇ ಇಟ್ಟುಕೊಂಡಿದ್ದೆ. ಬಿಳಿ ಕಲ್ಲುಗಳು ಎದುರಿಗೇ ಬಂದವು, ಅವುಗಳ ಆಚೆ ಬರೀ ಬಿಳಿ ಮಂಜು, ಕೆಳಗೆ ಏನೂ ಇಲ್ಲ. "ಒತ್ತೇ! ಜೋರಾಗಿ ಒತ್ತೇ!" ಎಂದು ಹಿಂದಿನಿಂದ ಕಿರುಚಿದ್ದು ಕೇಳಿತು. ಎರಡೂ ಕಾಲಿನಿಂದ ತುಳಿದೆ. ಚಕ್ರ ಕಚ್ಚಿಕೊಂಡು ಗಾಡಿ ನೀರಿನ ಮೇಲೆ ಅಡ್ಡಡ್ಡ ಜಾರಿತು, ಮೂತಿ ತಿರುಗಿ ಬೆಟ್ಟದ ಕಡೆಯ ಚರಂಡಿಗೆ ಬಡಿದು ನಿಂತಿತು. ಆಚೆ ಕಡೆಗೆ ತಿರುಗಿದ್ದರೆ ಈ ಕಥೆ ಹೇಳಲು ಯಾರೂ ಇರುತ್ತಿರಲಿಲ್ಲ.

ಸ್ಟಿಯರಿಂಗಿನ ಮೇಲೆ ಹಣೆಯಿಟ್ಟೆ. "ಬ್ರೇಕು ಹೋಗಿದೆ ರೀ" ಎಂದೆ.

"ಹೋಗಿಲ್ಲ."

"ತಾಗಿಸಿದ್ರೆ ನಿಲ್ತಾ ಇತ್ತಲ್ರೀ!"

"ನಾನೇ ಒತ್ತುತಿದ್ದೆ ಕಣೇ" ಎಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮೊಣಕಾಲಿನ ಮೇಲಿನ ರೇನ್‌ಕೋಟು. ಅದರ ಕೆಳಗಿನ ಕಾಲು. ತಿರುವು ಬಂದಾಗಲೆಲ್ಲ ಅವರ ಮಾತು ಅರ್ಧಕ್ಕೇ ನಿಲ್ಲುತ್ತಿದ್ದದ್ದು. ಒಂದು ಸಲ ನಾನೊಬ್ಬಳೇ ಕಾರು ತೆಗೆದುಕೊಂಡು ನೂಲು ತರಲು ಹೋಗುತ್ತೇನೆ ಎಂದಾಗ ಟೈರಿನಲ್ಲಿ ಗಾಳಿ ಇಲ್ಲ ಎಂದು ಸುಳ್ಳು ಹೇಳಿದ್ದು.

"ಎಲ್ಲ ತಿರುವಿನಲ್ಲೂನಾ?"

"ಹೂಂ."

"ಹನ್ನೊಂದು ಭಾನುವಾರವೂನಾ?"

"ಹನ್ನೊಂದೂ."

"ಬೇರೆಯವರಿಗೆ ಒಂದೇ ವಾರಕ್ಕೆ ನನ್ನ ಬ್ರೇಕಿಂದ ಕಾಲು ತೆಗೀತೀನಿ ಅಂತೀರಲ್ಲ! ಹೆಂಡ್ತಿಗೆ ಮಾತ್ರ ಯಾಕ್ರೀ ಈ ಮೋಸ?"

"ನೀನು ಮೊದಲನೇ ದಿನ ಹೆದರಿ ಅತ್ತೆಯಲ್ಲ, ಇನ್ಮೇಲೆ ಕಾರೇ ಮುಟ್ಟಲ್ಲ ಅಂದೆಯಲ್ಲ. ಆಮೇಲೆ ಎಷ್ಟು ಖುಷಿಯಾಗಿ ಹಾಡ್ತಾ ಓಡಿಸ್ತಿದ್ದೆ. ಮುಂದಿನ ವಾರ ತೆಗೀತೀನಿ, ಮುಂದಿನ ವಾರ ತೆಗೀತೀನಿ ಅಂದ್ಕೊಂಡೇ..." ಅವರಿಗೆ ಉಸಿರು ಸಾಲಲಿಲ್ಲ.

ಹಿಂದೆ ತಿರುಗಿ ನಾಲ್ಕು ಬಾರಿಸಬೇಕು ಅನ್ನಿಸಿತು. ತಿರುಗಿದೆ. ಮುಖ ಸುಣ್ಣದಂತಾಗಿತ್ತು. ಟವೆಲು ಪೂರ್ತಿ ಕೆಂಪಾಗಿ ಸೀಟಿನಿಂದ ಕೆಳಗೆ ತೊಟ್ಟಿಕ್ಕುತ್ತಿತ್ತು. ನನ್ನ ಸಿಟ್ಟೆಲ್ಲ ಇಳಿದು ಭಯ ಒಂದೇ ಉಳಿಯಿತು. ಈ ಮನುಷ್ಯ ಸಾಯುತ್ತಾನೆ, ನನಗೆ ಗಾಡಿ ಓಡಿಸಲು ಬರುವುದಿಲ್ಲ, ಇಳಿಜಾರು ಪೂರ್ತಿ ಬಾಕಿ ಇದೆ. ಅಲ್ಲೇ ಕೂತು ಕಾಯಲೇ ಎಂದುಕೊಂಡೆ. ಮೇಲಿನಿಂದ ಮುಷ್ಟಿಗಾತ್ರದ ಕಲ್ಲೊಂದು ಉರುಳಿ ಬಂದು ಬಾನೆಟ್ಟಿಗೆ ಬಡಿಯಿತು. ಕಾಯುವ ಯೋಚನೆ ಅಲ್ಲಿಗೆ ಮುಗಿಯಿತು.

"ಹೇಳಿ, ಹೇಗೆ ಒತ್ತಬೇಕು?" ಎಂದೆ.

ಹದಿನೆಂಟು ವರ್ಷ ಊರಿಗೆಲ್ಲ ಹೇಳಿದ ಪಾಠವನ್ನು ಆ ದಿನ ನನಗೆ ಮೊದಲ ಸಲ ಹೇಳಿದರು. "ಎರಡನೇ ಗೇರು ಬಿಟ್ಟು ಮೇಲೆ ಹೋಗ್ಬೇಡ, ಗಾಡಿನ ಇಂಜಿನ್ನೇ ಹಿಡಿಯುತ್ತೆ. ತಿರುವು ಬರೋ ಮೊದ್ಲೇ ಒತ್ತು, ತಿರುವಿನ ಮಧ್ಯ ಒತ್ಬೇಡ. ಒಮ್ಮೆಗೇ ತುಳೀಬೇಡ, ಒದ್ದೆ ಬಟ್ಟೆ ಹಿಂಡ್ತೀಯಲ್ಲ, ಹಾಗೆ ಒತ್ತುತಾ ಹೋಗು. ಹಿಮ್ಮಡಿ ನೆಲದ ಮೇಲಿರಲಿ." ಗಾಡಿಯನ್ನು ಚರಂಡಿಯಿಂದ ಹೊರಗೆ ತೆಗೆಸಿ, ಅಲ್ಲೇ ಹಿಂದಕ್ಕೆ ಮುಂದಕ್ಕೆ ಮಾಡಿಸಿ ಎರಡು ಮೂರು ಸಲ ಒತ್ತಿಸಿದರು. ಪೆಡಲು ನಾನು ಎಣಿಸಿದ್ದಕ್ಕಿಂತ ಬಹಳ ಗಟ್ಟಿ. ಇಷ್ಟು ದಿನ ನನ್ನ ಕಾಲಿಗೆ ಸಿಕ್ಕಿದ್ದು, ಅವರು ಆಗಲೇ ಒತ್ತಿಟ್ಟ ಪೆಡಲು.

ಹೊರಟೆ. ಮೈಯೆಲ್ಲ ಕಣ್ಣಾಗಿತ್ತು, ಆದರೂ ಕಾಣುತ್ತಿದ್ದದ್ದು ಹತ್ತು ಮಾರು ದೂರ ಮಾತ್ರ. ಎರಡನೆಯ ತಿರುವಿನಲ್ಲಿ ತೀರಾ ಬೇಗ ಒತ್ತಿದೆ, ಗಾಡಿ ನಡುದಾರಿಯಲ್ಲಿ ನಿಂತೇ ಹೋಯಿತು. ಮೂರನೆಯದರಲ್ಲಿ ತಡವಾಯಿತು, ಹಿಂದಿನ ಚಕ್ರ ಸರಕ್ಕನೆ ಜಾರಿತು. "ಪರವಾಗಿಲ್ಲ" ಎಂದರು ಮೇಷ್ಟ್ರು. ನಾಲ್ಕನೆಯದರಲ್ಲಿ "ಈಗ" ಎಂದರು, ಒತ್ತಿದೆ, ಹಾದುಹೋದೆವು. "ಈಗ", ಒತ್ತಿದೆ. "ಈಗ", ಒತ್ತಿದೆ.

ಒಂದೆಡೆ ಬೆಟ್ಟದ ನೀರು ರಸ್ತೆಯನ್ನು ಅಡ್ಡ ದಾಟುತ್ತಿತ್ತು, ಕಂದು ನೀರು, ಅದರೊಳಗೆ ಕಲ್ಲು ಉರುಳುವ ಸದ್ದು. ನಿಲ್ಲಿಸಿದರೆ ಮತ್ತೆ ಹೊರಡಲಾರೆ ಎಂಬ ಭಯಕ್ಕೆ ಹಾಗೇ ನುಗ್ಗಿಸಿದೆ. ಇನ್ನೊಂದೆಡೆ ಮರ ಬಿದ್ದು ಅರ್ಧ ರಸ್ತೆ ಮುಚ್ಚಿತ್ತು, ಉಳಿದದ್ದು ಕಣಿವೆಯ ಕಡೆಯ ಅರ್ಧ. ಅದರ ಮೇಲೇ ಇಂಚಿಂಚಾಗಿ ದಾಟಿಸಿದೆ. ಒರೆಸುವ ಕಡ್ಡಿಗಳು ಎಷ್ಟು ಜೋರಾಗಿ ಆಡಿದರೂ ಗಾಜಿನ ಮೇಲೆ ನೀರು ನಿಂತೇ ಇತ್ತು.

ಅರ್ಧ ದಾರಿಗೆ ಬಂದಾಗ ಒಂದು ತಿರುವಿನಲ್ಲಿ "ಈಗ" ಬರಲಿಲ್ಲ.

"ರೀ?"

ಉತ್ತರವಿಲ್ಲ. ಒತ್ತಿದೆ, ಹೇಗೋ ತಿರುಗಿಸಿದೆ. ಅಷ್ಟರಲ್ಲಿ ಹಿಂದಿನಿಂದ ದೀರ್ಘವಾಗಿ "ಹ್ಮ್ಮ್" ಎಂದು ನರಳಿದ್ದು ಕೇಳಿತು. ಇದ್ದಾರೆ! ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮುಂದಿನ ತಿರುವಿನಲ್ಲೂ ನರಳಿದರು. ಅದರ ಮುಂದಿನದರಲ್ಲೂ. ಗಾಡಿ ಕುಲುಕಿ ನೋವಾಗುತ್ತಿದೆ ಎಂದುಕೊಂಡೆ. ನೋವಾಗಲಿ, ನರಳಲಿ, ನನಗೆ ಅದೇ ಆಧಾರವಾಯಿತು. ತಿರುವು ಬಂದಾಗ ಬ್ರೇಕು ಒತ್ತಿ ಕಿವಿ ಹಿಂದಕ್ಕೆ ಕೊಡುತ್ತಿದ್ದೆ. ನರಳಿದರೆ ಮುಂದೆ ಹೋಗುತ್ತಿದ್ದೆ.

ಸುಮ್ಮನಿರಲಾರದೆ ಬೈಯಲು ಶುರುಮಾಡಿದೆ. "ಸತ್ತುಗಿತ್ತೀರಾ ಹುಷಾರು, ನನ್ನ ಹತ್ರ ಜಗಳ ಬಾಕಿ ಇದೆ. ರೇನ್‌ಕೋಟು ಹೊದ್ಕೊಂಡು ಚಳಿ ಅಂತ ನಾಟಕ ಆಡ್ತೀರಾ? ಅಷ್ಟು ಜನ ಗಿರಾಕಿಗಳ ಮುಂದೆ ಜಂಬ ಕೊಚ್ಚಿದೀನಿ, ಅವರ ಮುಖ ಹೇಗ್ರೀ ನೋಡ್ಲಿ?" ಆಗ ಎದುರಿನ ಮಂಜಿನಿಂದ ಎರಡು ದೀಪ ಬಂದವು. ಲಾರಿ. ನನ್ನ ಕಡೆಯ ರಸ್ತೆಯಲ್ಲೇ ಬರುತ್ತಿತ್ತು. ಹೇಳುವವರು ಯಾರೂ ಇರಲಿಲ್ಲ. ಹಿಮ್ಮಡಿ ನೆಲಕ್ಕೆ ಊರಿ ಒತ್ತುತ್ತಾ ಹೋದೆ, ಗಾಡಿ ಬೆಟ್ಟದ ಗೋಡೆಗೆ ಒರಗಿದಂತೆ ನಿಂತಿತು. ಲಾರಿ ನಮ್ಮ ಕನ್ನಡಿ ಮುರಿದುಕೊಂಡು ಹೋಯಿತು. ಹಿಂದಿನ ಸೀಟಿನಿಂದ ಬಂದದ್ದು ನರಳಿಕೆಯಲ್ಲ, ಕೂಗು. ನಾನೂ ಕೂಗಿದೆ. ಆಮೇಲೆ ಮತ್ತೆ ಎರಡನೇ ಗೇರು ಹಾಕಿದೆ.

ಇಳಿಜಾರು ಮುಗಿದು ರಸ್ತೆ ನೇರವಾಯಿತು. ಮನೆಗಳು ಕಂಡವು, ಪೆಟ್ರೋಲ್ ಬಂಕು ಕಂಡಿತು. ಬದುಕಿದೆವು ಎಂದುಕೊಳ್ಳುವಷ್ಟರಲ್ಲಿ ಹೊಳೆಯಿತು, ತಿರುವುಗಳು ಮುಗಿದ ಮೇಲೆ ಹಿಂದಿನಿಂದ ಸದ್ದೇ ಇಲ್ಲ. "ರೀ? ಮೇಷ್ಟ್ರೇ?" ಎಂದೂ ಹಾಗೆ ಕರೆದವಳಲ್ಲ, ಆವತ್ತು ಕರೆದೆ. ಆಸ್ಪತ್ರೆಗೆ ಉಳಿದಿದ್ದ ಐದು ಕಿಲೋಮೀಟರಿನಲ್ಲಿ ಆದಷ್ಟು ಭಯ ಬೆಟ್ಟದಲ್ಲೂ ಆಗಿರಲಿಲ್ಲ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹಾರ್ನಿನಿಂದ ಕೈ ತೆಗೆಯದೆ ಆಸ್ಪತ್ರೆಯ ಬಾಗಿಲಿಗೇ ಗಾಡಿ ತಂದು ನಿಲ್ಲಿಸಿದೆ.

ಸ್ಟ್ರೆಚರಿನಲ್ಲಿ ಒಳಗೆ ಒಯ್ದರು. ಬದುಕಿದ್ದಾರೆ ಎಂದು ಹೇಳಲು ಒಬ್ಬ ನರ್ಸು ಬರುವವರೆಗೆ ಬೆಂಚಿನ ಮೇಲೆ ಕೂತು ನನ್ನ ಬಲಗಾಲು ತನ್ನಷ್ಟಕ್ಕೆ ಕುಣಿಯುವುದನ್ನು ನೋಡುತ್ತಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ಡಾಕ್ಟರು ಹೊರಗೆ ಬಂದರು. ನನಗೆ ಮಗಳಾಗುವ ವಯಸ್ಸಿನ ಹುಡುಗಿ, ಮುಖ ದಣಿದಿತ್ತು.

"ಜೀವಕ್ಕೆ ಏನೂ ಆಗಲ್ಲ, ರಕ್ತ ಕೊಟ್ಟಿದೀವಿ. ಕಾಲೂ ಉಳಿಯುತ್ತೆ" ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿದಳು. "ಅಮ್ಮಾ, ಒಂದು ಕೇಳ್ಬೇಕಿತ್ತು. ಬಿದ್ದ ಮೇಲೆ ಇವರನ್ನ ನಡೆಸಿದ್ರಾ?"

"ಇಲ್ಲಮ್ಮ, ಎತ್ಕೊಂಡೇ ಬಂದ್ವಿ."

"ಮತ್ತೆ ಆ ಕಾಲಿನ ಮೇಲೆ ಭಾರ ಹೇಗೆ ಬಿತ್ತು? ಮುರಿದ ಮೂಳೆ ಒಂದು ಸಲ ಅಲ್ಲ, ಎಷ್ಟೋ ಸಲ ಮಾಂಸಕ್ಕೆ ಚುಚ್ಚಿದೆ. ಅಷ್ಟು ರಕ್ತ ಹೋಗಿದ್ದೂ ಅದಕ್ಕೇ. ಕಾಲು ಊರಿ ಊರಿ ಒತ್ತಿದ ಹಾಗಿದೆ. ನರಕ್ಕೂ ಪೆಟ್ಟಾಗಿದೆ, ಪಾದಕ್ಕೆ ಮೊದಲಿನ ಬಲ ಬರೋದು ಅನುಮಾನ."

ನಾನು ಎದ್ದು ಕಾರಿನ ಹತ್ತಿರ ಹೋದೆ. ಹಿಂದಿನ ಬಾಗಿಲು ತೆರೆದೆ. ಬಾಗಿಲಿನ ಒಳಮೈ ಮೇಲೆ ಅವರ ಅಂಗಾಲಿನ ರಕ್ತದ ಗುರುತು. ಒಂದಲ್ಲ. ಒಂದರ ಮೇಲೆ ಒಂದು, ಒಂದರ ಪಕ್ಕ ಒಂದು, ಬೆರಳುಗಳೆಲ್ಲ ಬಿಚ್ಚಿಕೊಂಡು ಬಲವಾಗಿ ಒತ್ತಿದ ಗುರುತುಗಳು. ಪ್ಲಾಸ್ಟಿಕ್ಕಿನ ಹಾಳೆ ಒಂದೆಡೆ ಬಿರುಕು ಬಿಟ್ಟಿತ್ತು. ತಿರುವು ತಿರುವಿಗೂ ನಾನು ಕೇಳಿಸಿಕೊಂಡು ಸಮಾಧಾನಪಟ್ಟ ನರಳಿಕೆ ಇದೇ. ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತೆ, ಯಾರು ನೋಡಿದರೇನು ಎಂದು ಬಾಯಿಬಿಟ್ಟು ಅತ್ತೆ.

ಮಾರನೆಯ ದಿನ ಅವರು ಕಣ್ಣು ಪೂರ್ತಿ ಬಿಟ್ಟಾಗ ನಾನು ಮಂಚದ ಪಕ್ಕ ಸ್ಟೂಲಿನ ಮೇಲಿದ್ದೆ.

"ಚೆನ್ನಾಗಿ ಓಡಿಸಿದೆ ಕಣೇ" ಎಂದರು.

"ನೀವು ಯಾಕೆ ಒತ್ತಿದ್ರಿ? ಮುರಿದ ಕಾಲಲ್ಲಿ, ಬಾಗಿಲನ್ನ?"

"ಭಯ ಆಯ್ತು" ಎಂದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. "ನಾನು ಒತ್ತದಿದ್ರೆ ಗಾಡಿ ನಿಲ್ಲಲ್ಲ ಅನ್ನಿಸ್ತಿತ್ತು."

"ನಿಂತಿದ್ದು ನಾನು ಒತ್ತಿದ್ದಕ್ಕೆ ರೀ."

"ಗೊತ್ತು."

ಪಾದದ ವಿಷಯ ಅವರಿಗೆ ಆಗಲೇ ಡಾಕ್ಟರು ಹೇಳಿದ್ದರು. ಕಲಿಸುವ ಮೇಷ್ಟ್ರ ಸೀಟಿನಲ್ಲಿ ಅವರು ಇನ್ನು ಕೂರಲಾರರು ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಹೊದಿಕೆ ಸರಿಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ, "ಮನೆಗೆ ಹೇಗೆ ಹೋಗೋದು?" ಎಂದು ಕೇಳಿದರು.

"ಹೇಗೆ ಅಂದ್ರೆ? ನಮ್ಮ ಕಾರಲ್ಲೇ. ನಾನೇ ಓಡಿಸ್ತೀನಿ."

"ಹೂಂ" ಎಂದು ಕಣ್ಣು ಮುಚ್ಚಿದರು. ಹೊದಿಕೆಯ ಕೆಳಗೆ ಅವರ ಎಡಗಾಲು ಮೆಲ್ಲನೆ ಚಾಚಿಕೊಂಡಿತು. ಮಂಚದ ಕೊನೆಯ ಕಬ್ಬಿಣದ ಕಂಬಿ ಸಿಕ್ಕಿದೊಡನೆ ಅದಕ್ಕೆ ಒತ್ತಿ ನಿಂತಿತು.

"ಕಾಲು ತೆಗೀರಿ" ಎಂದೆ.

ತೆಗೆಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.